ಮುಳುಗುವ ಕಸುಬು: ಎಲ್ಲಿ ಕಲಿಯಬೇಕು, ಹೇಗೆ ಆರಿಸಬೇಕು?

(ಕಾಚಿಗೂಡದಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರೂ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲಿಗೆ ಹಿಂತಿರುಗಬೇಕಾದವರೂ ಈ ಸಭೆಯಲ್ಲಿದ್ದೀರಿ. ಆದಕಾರಣ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದರು. ಭಟ್ಕಳದ ಕಡೆಯವರು, ಮೂವತ್ತು ವರ್ಷಗಳಿಂದ ಇದೇ ಊರಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು. ಅವರ ಮಗನಿಗೆ ಈಗ ಇಪ್ಪತ್ತು ವರ್ಷ. ರಜೆಗೆ ಊರಿಗೆ ಹೋದಾಗಲೆಲ್ಲ ಸಮುದ್ರದಲ್ಲಿ ಈಜಿ ಬೆಳೆದ ಹುಡುಗ. ಸ್ಕೂಬಾ ಕಲಿತು ಅದನ್ನೇ ಹೊಟ್ಟೆಪಾಡಿನ ಕಸುಬು ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ಯಾರೋ ಏಜೆಂಟನೊಬ್ಬ, ಹಣವನ್ನೆಲ್ಲ ಒಂದೇ ಕಂತಿನಲ್ಲಿ ಕಟ್ಟಿದರೆ ಆರು ವಾರಗಳಲ್ಲಿ ಗುರುವಿನ ಪದವಿ ಕೊಡಿಸಿ, ಹೊರದೇಶದಲ್ಲಿ ಕೆಲಸವನ್ನೂ ಕೊಡಿಸುತ್ತೇನೆಂದು ಹೇಳಿದ್ದಾನಂತೆ. "ಪ್ರಾವಿಡೆಂಟ್ ಫಂಡಿನಿಂದ ತೆಗೆದು ಕಟ್ಟಲೇ ಅಣ್ಣ, ಬೇಡವೇ?" ಎಂದು ಅವರು ಕೇಳಿದರು. ನಾವು ಕೂಡಲೇ ಉತ್ತರ ಹೇಳಲಿಲ್ಲ. ಬಲ್ಲವರನ್ನು ವಿಚಾರಿಸಿದೆವು. ತಿಳಿದದ್ದನ್ನು ಇಂದು ಎಲ್ಲರ ಮುಂದೆ ಇಡುತ್ತಿದ್ದೇವೆ; ಏಕೆಂದರೆ ನಾಳೆ ಇದೇ ಪ್ರಶ್ನೆ ಇನ್ನೊಬ್ಬರ ಮನೆಯಲ್ಲೂ ಏಳಬಹುದು.

ಮೊದಲು, ಸ್ಕೂಬಾ ಎಂದರೇನು? ಉಸಿರಾಡುವ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ನೀರಿನಡಿಗೆ ಇಳಿಯುವ ವಿದ್ಯೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು, ಮುಳುಗಿದವನು ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿ ಬಿಡುವ ಉಪಕರಣವನ್ನು ಸಿದ್ಧಪಡಿಸಿದರು. ಅಲ್ಲಿಂದ ಈ ವಿದ್ಯೆ ಜನಸಾಮಾನ್ಯರಿಗೂ ನಿಲುಕಿತು.

ಇದರಲ್ಲಿ ಎರಡು ಕಸುಬುಗಳಿವೆ. ಅವನ್ನು ಬೆರೆಸಿ ಹೇಳುವವನನ್ನು ನಂಬಬೇಡಿ. ಒಂದು, ಪ್ರವಾಸಿಗಳನ್ನು ನೀರಿನಡಿಗೆ ಕರೆದೊಯ್ದು ತೋರಿಸುವ, ಅವರಿಗೆ ಕಲಿಸುವ ಕಸುಬು. ಇನ್ನೊಂದು, ಬಂದರು, ಹಡಗಿನ ತಳ, ಅಣೆಕಟ್ಟಿನ ಬಾಗಿಲು, ಎಣ್ಣೆಬಾವಿ ಮುಂತಾದ ಕಡೆ ನೀರಿನಡಿಯಲ್ಲಿ ದುರಸ್ತಿ ಮಾಡುವ ಕಸುಬು. ಎರಡನೆಯದರಲ್ಲಿ ಹೆಚ್ಚಾಗಿ ಗಾಳಿಯನ್ನು ಮೇಲಿನಿಂದ ಕೊಳವೆಯ ಮೂಲಕ ಕಳುಹಿಸುತ್ತಾರೆ. ಅದರ ಶಾಲೆ ಬೇರೆ, ಪ್ರಮಾಣಪತ್ರವೂ ಬೇರೆ. ಕೊಚ್ಚಿಯಲ್ಲಿರುವ ನೌಕಾಪಡೆಯ ಡೈವಿಂಗ್ ಶಾಲೆ ಪಡೆಯವರಿಗಾಗಿ ಇರುವಂಥದು. ಅಲ್ಲಿ ಕಲಿಯಬೇಕಾದರೆ ಮೊದಲು ಪಡೆಗೆ ಸೇರಬೇಕು. ಪ್ರವಾಸಿಗಳ ಗುರುವಿನ ಪತ್ರ ಹಿಡಿದು ಎಣ್ಣೆಬಾವಿಯ ಕೆಲಸ ಕೇಳಿದರೆ, ಸಪ್ಲೈಯರನು ಬಾಯ್ಲರ್ ನಡೆಸುತ್ತೇನೆಂದು ಹೋದಂತಾದೀತು.

ಈ ಕಸುಬಿನ ಅಪಾಯವೇನು? ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಗಾಳಿಮಂಡಲದ ಒಂದು ಪಾಲಿನಷ್ಟು ಒತ್ತಡ ಕೂಡುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕವು ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಸೋಡಾ ಬಾಟ್ಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೂ ಹೋಗಬಹುದು. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದ ಶಾಲೆಗೆ ಹಣ ಕಟ್ಟುವ ಮುಂಚೆ ವೈದ್ಯರಲ್ಲಿಗೆ ಹೋಗಬೇಕು. ಕಿವಿ, ಮೂಗು, ಎದೆ, ಹೃದಯ ಎಲ್ಲವನ್ನೂ ತೋರಿಸಬೇಕು. ಗಿರಣಿಯ ಹತ್ತಿಧೂಳು ಕುಡಿದು ಉಬ್ಬಸ ತಂದುಕೊಂಡವರು ನಮ್ಮಲ್ಲಿದ್ದಾರೆ. ಅಂಥ ಎದೆಯವರು ವೈದ್ಯರ ಒಪ್ಪಿಗೆಯಿಲ್ಲದೆ ಈ ನೀರಿಗೆ ಇಳಿಯಕೂಡದು.

ಈಗ ಕಲಿಕೆಯ ಮೆಟ್ಟಿಲುಗಳು. ಪ್ರಮಾಣಪತ್ರ ಕೊಡುವುದು ಕಡಲತಡಿಯ ಅಂಗಡಿಯಲ್ಲ. ಅದರ ಮೇಲಿರುವ ಅಂತರರಾಷ್ಟ್ರೀಯ ಸಂಸ್ಥೆ. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾಡಿ, 1970ರಲ್ಲಿ ಹುಟ್ಟಿದ ಎಸ್.ಎಸ್.ಐ. ಇವು ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಹೆಸರುಗಳು. ಪಾಡಿಯ ಕ್ರಮದಲ್ಲಿ ಮೊದಲ ಮೆಟ್ಟಿಲು ಓಪನ್ ವಾಟರ್. ಇದರಲ್ಲಿ 18 ಮೀಟರ್‌ವರೆಗೆ ಇಳಿಯಬಹುದು. ಎರಡನೆಯದು ಅಡ್ವಾನ್ಸ್ಡ್, 30 ಮೀಟರ್. ಮೂರನೆಯದು ರೆಸ್ಕ್ಯೂ, ಅಂದರೆ ಇನ್ನೊಬ್ಬರನ್ನು ಕಾಪಾಡುವ ವಿದ್ಯೆ. ನಾಲ್ಕನೆಯದು ಡೈವ್‌ಮಾಸ್ಟರ್, ಸಂಬಳದ ಕಸುಬು ಶುರುವಾಗುವುದು ಇಲ್ಲಿಂದ. ಇದಕ್ಕೆ 18 ವರ್ಷ ತುಂಬಿರಬೇಕು. ಸೇರುವಾಗ 40 ಮುಳುಗು, ಮುಗಿಸುವಾಗ 60 ಮುಳುಗು ಪುಸ್ತಕದಲ್ಲಿ ದಾಖಲಾಗಿರಬೇಕು. ಗುರುವಾಗಲು 100 ಮುಳುಗು ಬೇಕು. ಜೊತೆಗೆ ಮೊದಲ ಪತ್ರ ಪಡೆದು ಕನಿಷ್ಠ 6 ತಿಂಗಳಾಗಿರಬೇಕು. ಹೀಗಿರುವಾಗ, ಏನೂ ಅರಿಯದವನನ್ನು ಆರು ವಾರಗಳಲ್ಲಿ ಗುರುವಾಗಿ ಮಾಡುತ್ತೇನೆಂಬ ಮಾತು ಎಷ್ಟು ನಿಜವೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ.

ಇನ್ನು ಸ್ಥಳದ ಮಾತು. ನಮ್ಮ ಕಾಚಿಗೂಡದಿಂದ ಮಂಗಳೂರಿಗೆ ಹೋಗುತ್ತಿದ್ದ ರೈಲು 2024ರಲ್ಲಿ ಮುರುಡೇಶ್ವರದವರೆಗೆ ಮುಂದುವರಿಯಿತು. ಆ ಮುರುಡೇಶ್ವರದ ಕಡಲಿನಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ ನೇತ್ರಾಣಿ ದ್ವೀಪ. ಹವಳವೂ ಬಣ್ಣಬಣ್ಣದ ಮೀನುಗಳೂ ಇರುವ ಆ ನೀರು ಕರ್ನಾಟಕದಲ್ಲಿ ಸ್ಕೂಬಾ ಕಲಿಯುವವರಿಗೆ ಹೆಸರಾದ ಜಾಗ. ಮಾತು ಕನ್ನಡ, ಊಟ ನಮ್ಮದೇ, ದೋಣಿಯವರೂ ನಮ್ಮವರೇ. ಆದರೆ ಮಳೆಗಾಲದಲ್ಲಿ ಕಡಲು ಮುಚ್ಚುತ್ತದೆ. ಅಕ್ಟೋಬರಿನಿಂದ ಮೇ ತನಕವೇ ಅಲ್ಲಿಯ ಹಂಗಾಮು. ಮೊದಲ ಎರಡು ಮೆಟ್ಟಿಲುಗಳಿಗೆ ಇದು ಹತ್ತಿರದ, ಖರ್ಚು ಕಡಿಮೆಯ ಜಾಗವೆಂದು ನಮಗೆ ತೋರುತ್ತದೆ. ನಾಲ್ಕನೆಯ ಮೆಟ್ಟಿಲಿಗೆ ದಿನವೂ ನೀರಿಗಿಳಿಯುವ ಅವಕಾಶ ಬೇಕು. ಅದಕ್ಕೆ ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ 2018ರವರೆಗೆ ಹ್ಯಾವ್ಲಾಕ್ ಎನ್ನುತ್ತಿದ್ದ ದ್ವೀಪ, ಹೆಚ್ಚು ಅನುಕೂಲ. ಅಲ್ಲಿ ಶಾಲೆಗಳು ಹಲವು, ನೀರೂ ತಿಳಿ. ಆದರೆ ದಾರಿಖರ್ಚು, ಬಾಡಿಗೆ, ಊಟ ಎಲ್ಲವನ್ನೂ ಫೀಸಿನ ಜೊತೆ ಕೂಡಿಸಿ ನೋಡಬೇಕು. ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು. ಗೋವೆಯಲ್ಲಿರುವ ಕೇಂದ್ರ ಸರಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆ ಮತ್ತು ದೋಣಿ ನಡೆಸುವುದನ್ನು ಕಲಿಸುತ್ತಾರೆ. ಮುಳುಗುವವನಿಗೆ ಅದು ಎರಡನೆಯ ಕೈಕಸುಬಾದೀತು, ಮಳೆಗಾಲದಲ್ಲಿ ಅನ್ನವಾದೀತು.

ಊರು ಯಾವುದೇ ಇರಲಿ, ಹಣ ಕಟ್ಟುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿರಿ. ಕಲಿಸುವ ಗುರುವಿನ ಹೆಸರು, ಸಂಖ್ಯೆ ಯಾವುದು? ಅದನ್ನು ಮೂಲ ಸಂಸ್ಥೆಯಲ್ಲೇ ವಿಚಾರಿಸಬಹುದು. ಒಬ್ಬ ಗುರುವಿಗೆ ಎಷ್ಟು ಶಿಷ್ಯರು? ಓಪನ್ ವಾಟರ್ ಕಲಿಸುವಾಗ ಸಮುದ್ರದಲ್ಲಿ 8ಕ್ಕಿಂತ ಹೆಚ್ಚು ಕೂಡದೆಂದು ಪಾಡಿಯ ನಿಯಮ. ಕಲಕು ನೀರಿನಲ್ಲಿ ಇನ್ನೂ ಕಡಿಮೆ ಇರಬೇಕು. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಎಲ್ಲಿದೆ? ಎಂಜಿನಿನ ಹೊಗೆ ಅದರ ಬಾಯಿಗೆ ಸೇರಿದರೆ ವಿಷವನ್ನೇ ತುಂಬಿದಂತೆ. ದೋಣಿಯಲ್ಲಿ ಆಮ್ಲಜನಕ ಇದೆಯೇ? ಅವಘಡವಾದರೆ ಒತ್ತಡದ ಕೋಣೆಯಲ್ಲಿಟ್ಟು ಚಿಕಿತ್ಸೆ ಮಾಡುವ ಆಸ್ಪತ್ರೆ ಎಷ್ಟು ದೂರ? ವಿಮೆ ಯಾರ ಹೆಸರಿನಲ್ಲಿದೆ? ಇವಕ್ಕೆ ಮುಖ ಸಿಂಡರಿಸುವ ಶಾಲೆಯಿಂದ ಎದ್ದು ಬನ್ನಿರಿ.

ಕಾರ್ಮಿಕರಾದ ನಾವು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಕೆಲವು ಕಡೆ "ಫೀಸು ಬೇಡ, ಕೆಲಸ ಮಾಡುತ್ತ ಕಲಿಯಿರಿ" ಎನ್ನುತ್ತಾರೆ. ಒಂದೊಂದು ಸಿಲಿಂಡರು 14ರಿಂದ 16 ಕಿಲೋ ತೂಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅವನ್ನು ಹೊತ್ತು, ದೋಣಿ ತೊಳೆದು, ತಿಂಗಳಾದ ಮೇಲೂ ಪುಸ್ತಕದಲ್ಲಿ ಹತ್ತು ಮುಳುಗೂ ಬರೆಯಿಸಿಕೊಳ್ಳಲಾಗದವನು ಶಿಷ್ಯನೋ, ಕೂಲಿಯಿಲ್ಲದ ಕೂಲಿಯೋ? ಊಟ, ಮಲಗಲು ಜಾಗ ಸಿಕ್ಕೀತೆಂದು ಹತ್ತು ವರ್ಷಕ್ಕೇ ಲೋಟ ತೊಳೆಯಲು ನಿಂತ ನಮ್ಮ ಹಿರಿಯರಿಗೆ ಈ ಕಥೆ ಹೊಸದಲ್ಲ. ಹಾಗೆ ಕಲಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಎಷ್ಟು ಗಂಟೆ ಕೆಲಸ, ವಾರಕ್ಕೆ ಎಷ್ಟು ಮುಳುಗು, ಪರೀಕ್ಷೆ ಯಾವ ತಾರೀಖು, ಪೆಟ್ಟಾದರೆ ಯಾರ ಖರ್ಚು, ಇಷ್ಟನ್ನೂ ಕಾಗದದ ಮೇಲೆ ಬರೆಯಿಸಿ ಸಹಿ ಹಾಕಿಸಿಕೊಳ್ಳಿರಿ ಎಂದು ಹೇಳುತ್ತೇವೆ.

ಇದು ಕೇವಲ ಮೋಜಿನ ವಿದ್ಯೆಯಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಯಲ್ಲಿ ಜನರು ಕಣ್ಮರೆಯಾದಾಗ, ನೌಕಾಪಡೆಯವರೊಡನೆ ಮಲ್ಪೆಯ ಈಶ್ವರ ಅವರೂ ಆ ಕೆಸರುನೀರಿಗೆ ಇಳಿದು ಹುಡುಕಿದ್ದನ್ನು ನಾಡು ಕಂಡಿತು. ಸೆಳೆತ ಹೆಚ್ಚಾದಾಗ ನುರಿತವರೂ ಕೆಲಸ ನಿಲ್ಲಿಸಿ ಮೇಲೆ ಬರಬೇಕಾಯಿತು. ಯಾವಾಗ ಇಳಿಯಬಾರದೆಂಬುದನ್ನು ಕಲಿಸುವ ಶಾಲೆಯೇ ಒಳ್ಳೆಯ ಶಾಲೆ. ಇಂದು ಬೇಡ, ಅಲೆ ಜೋರಿದೆ ಎಂದು ಗಿರಾಕಿಯ ಹಣ ಹಿಂದಿರುಗಿಸುವವನು ನಿಜವಾದ ಗುರು.

ಕೊನೆಗೆ ಆ ತಂದೆಗೆ ನಾವು ಹೇಳಿದ್ದಿಷ್ಟು. ಪ್ರಾವಿಡೆಂಟ್ ಫಂಡನ್ನು ಮುಟ್ಟಬೇಡಿ. ಅದು ನಿಮ್ಮ ಮುಪ್ಪಿನ ಅನ್ನ. ಒಂದೇ ಕಂತು ಬೇಡ; ಮೆಟ್ಟಿಲಿಗೊಂದು ಕಂತು, ಕಂತಿಗೊಂದು ರಸೀದಿ. ವೈದ್ಯರ ಪರೀಕ್ಷೆಗೂ ನೇತ್ರಾಣಿಯ ಮೊದಲ ಮೆಟ್ಟಿಲಿಗೂ ಸಂಘದ ನಿಧಿಯಿಂದ ಕೈಸಾಲ ಕೊಡೋಣ. ಆಮೇಲೂ ಹುಡುಗನಿಗೆ ಅದೇ ಮನಸ್ಸಿದ್ದರೆ ಮುಂದಿನ ಮೆಟ್ಟಿಲಿನ ಮಾತಾಡೋಣ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಈ ಊರಿಗೆ ಬಂದಾಗ ಹೀಗೆ ಕೂತು ಲೆಕ್ಕ ಹೇಳುವವರು ಯಾರೂ ಇರಲಿಲ್ಲ" ಎಂದರು. ಹುಡುಗ ಮೊನ್ನೆ ಕಿವಿ, ಎದೆ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾನೆ. ಯಾವ ದೋಷವೂ ಇಲ್ಲವೆಂದು ವೈದ್ಯರು ಬರೆದು ಕೊಟ್ಟಿದ್ದಾರೆ. ಅವನು ಇದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ.

ಈ ಕೈಸಾಲಕ್ಕೆ ಸಭೆಯ ಒಪ್ಪಿಗೆ ಬೇಕು. ಸಾಧಕಬಾಧಕಗಳನ್ನೆಲ್ಲ ನಿಮ್ಮ ಮುಂದೆ ಇಟ್ಟಿದ್ದೇವೆ. ಒಪ್ಪುವವರು ಕೈಯೆತ್ತಬೇಕೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.