ಮದ್ದಿನ ಅರ್ಥಗಳು

‘ಮದ್ದು’ ಎಂಬ ಪದವನ್ನು ಕುರಿತು ನಾನು ಬಹಳ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ರೋಗಿಗೆ ಕೊಡುವುದೂ ಮದ್ದೇ, ಬಂದೂಕಿಗೆ ತುಂಬುವುದೂ ಮದ್ದೇ. ‘ಯಾರೋ ಮದ್ದು ಹಾಕಿದರು’ ಎಂದು ಹಳ್ಳಿಯಲ್ಲಿ ಪಿಸುಗುಟ್ಟಿದರೆ ಅದು ವಿಷವೆಂದೇ ಅರ್ಥ. ಇಷ್ಟು ವಿರುದ್ಧವಾದ ಅರ್ಥಗಳು ಒಂದೇ ಪದದಲ್ಲಿ ಹೇಗೆ ಒಟ್ಟಿಗೆ ಬಾಳುತ್ತವೆಂಬುದು ನನಗೆ ಪಾಂಡಿತ್ಯದ ಕುತೂಹಲವಾಗಿತ್ತೇ ಹೊರತು ಬದುಕಿನ ಪ್ರಶ್ನೆಯಾಗಿರಲಿಲ್ಲ. ಅದು ಪ್ರಶ್ನೆಯಾದದ್ದು, ನನ್ನ ಅಕ್ಕನಿಗೆ ನಾನೇ ಕೈಯಾರೆ ಮದ್ದು ಕೊಟ್ಟ ಮೇಲೆ.

ಪುಸ್ತಕದ ಪೆಟ್ಟಿಗೆಯೊಂದನ್ನು ಎತ್ತಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತ್ತು. ವೈದ್ಯರು ಐದು ದಿನಕ್ಕೆಂದು ಮಾತ್ರೆ ಬರೆದುಕೊಟ್ಟರು. ಮೂರೇ ದಿನದಲ್ಲಿ ನೋವು ಇಳಿಯಿತು. ಮಿಕ್ಕ ಮಾತ್ರೆಗಳು ಕಪಾಟು ಸೇರಿದವು. ಕೆಲವು ತಿಂಗಳ ಬಳಿಕ ಊರಿನಿಂದ ಬಂದ ಅಕ್ಕ, ಬಸ್ಸಿನ ಕುಲುಕಾಟಕ್ಕೆ ಕತ್ತು ಹಿಡಿದಿದೆಯೆಂದು ನರಳಿದಳು. ‘ನನಗೆ ಹಿಡಿಸಿದ ಮಾತ್ರೆ, ನಿನಗೂ ಹಿಡಿಸೀತು’ ಎಂದು ಕೊಟ್ಟೆ. ಅವಳು ಮೊಣಕಾಲಿನ ನೋವಿಗೆ ಬೇರೊಂದು ಮಾತ್ರೆಯನ್ನೂ, ಹೃದಯದ ಸಲುವಾಗಿ ದಿನಕ್ಕೊಂದು ಆಸ್ಪಿರಿನ್ ಮಾತ್ರೆಯನ್ನೂ ನುಂಗುತ್ತಿದ್ದಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಐದನೆಯ ರಾತ್ರಿ ಮಂಪರಿನಲ್ಲಿ ಎದ್ದವಳು ಬಚ್ಚಲಮನೆಯ ಬಾಗಿಲಲ್ಲಿ ಕುಸಿದಳು. ಮಲ ಡಾಂಬರಿನಂತೆ ಕಪ್ಪಗಾಗಿತ್ತು. ಜಠರದ ಹುಣ್ಣಿನಿಂದ ರಕ್ತ ಸೋರುತ್ತಿದೆಯೆಂದು ಆಸ್ಪತ್ರೆಯಲ್ಲಿ ಹೇಳಿದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು.

ಮರುದಿನ ಮನೆಗೆ ಬಂದು ಎರಡೂ ಮಾತ್ರೆಗಳ ಪಟ್ಟಿಗಳನ್ನು ಜೊತೆಗಿಟ್ಟು ಓದಿದೆ. ಮುಂಬದಿಯಲ್ಲಿ ದಪ್ಪಕ್ಷರದ ಎರಡು ಬೇರೆ ಬೇರೆ ಹೆಸರುಗಳು. ಹಿಂಬದಿಯ ಸಣ್ಣಕ್ಷರಗಳಲ್ಲಿ ಮಾತ್ರ ಎರಡರಲ್ಲಿಯೂ ಒಂದೇ ಔಷಧ: ಅಸಿಕ್ಲೋಫೆನಾಕ್. ಜೀವಮಾನವೆಲ್ಲ ಅಕ್ಷರವನ್ನು ನಂಬಿ ಬದುಕಿದ ನಾನು ಆ ಒಂದು ಸಾಲನ್ನು ಓದಿರಲಿಲ್ಲ.

ನನ್ನ ಮಾತ್ರೆ ಮೂರು ಔಷಧಗಳ ಬೆರಕೆ: ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325, ಕ್ಲೋರ್‌ಜೋಕ್ಸಜೋನ್ 250 ಮಿಲಿಗ್ರಾಂ. ಒಂದೊಂದರ ಗುಣವನ್ನೂ ಆಮೇಲೆ ವೈದ್ಯರಿಂದ ಕೇಳಿ ತಿಳಿದುಕೊಂಡೆ.

ಅಸಿಕ್ಲೋಫೆನಾಕ್ ಆಸ್ಪಿರಿನ್ನಿನ ಬಳಗಕ್ಕೆ ಸೇರಿದುದು. ಈ ಬಳಗ ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ನೋವು, ಬಾವುಗಳನ್ನು ಹೆಚ್ಚಿಸುವ ಈ ದ್ರವ್ಯಗಳೇ ಜಠರದ ಒಳಪೊರೆಯನ್ನು ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತವೆ. ಕಳ್ಳನನ್ನು ಹಿಡಿಯಲು ಹೋಗಿ ಕಾವಲುಗಾರನನ್ನೂ ಕಟ್ಟಿಹಾಕಿದಂತೆ! ಊಟದ ನಂತರ ನುಂಗಿದರೆ ಉರಿ ಕಡಿಮೆಯಾದೀತು. ಹುಣ್ಣಿನ ಭಯ ಪೂರ್ತಿ ತಪ್ಪದು. ಹುಣ್ಣು, ಮೂತ್ರಪಿಂಡದ ದೋಷ, ಹೃದ್ರೋಗ, ಆಸ್ಪಿರಿನ್ನಿನಿಂದ ಕೆರಳುವ ಉಬ್ಬಸ ಇರುವವರು, ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಬಾರದು.

ಪ್ಯಾರಾಸಿಟಮಾಲ್ ಸಾಧುವೆಂದು ಹೆಸರಾದುದು. ಆದರೆ ಆರೋಗ್ಯವಂತ ವಯಸ್ಕರೂ ದಿನಕ್ಕೆ 4000 ಮಿಲಿಗ್ರಾಂ ಮೀರಬಾರದು. ಕೃಶರಾದವರಿಗೆ, ಮದ್ಯಪಾನಿಗಳಿಗೆ ಆ ಮಿತಿ ಇನ್ನೂ ಕೆಳಗೆ. ಜ್ವರದ ಮಾತ್ರೆ, ನೆಗಡಿಯ ಮಾತ್ರೆ, ಸೊಂಟನೋವಿನ ಮಾತ್ರೆ, ಮೂರರಲ್ಲಿಯೂ ಅದೇ ಇದ್ದರೆ ಲೆಕ್ಕ ತಪ್ಪುತ್ತದೆ. ತಪ್ಪಿದ ಲೆಕ್ಕವನ್ನು ಯಕೃತ್ತು ತೀರಿಸಬೇಕಾಗುತ್ತದೆ.

ಸ್ನಾಯುಗಳ ಬಿಗಿತವನ್ನು ಸಡಿಲಿಸುವುದು ಕ್ಲೋರ್‌ಜೋಕ್ಸಜೋನ್. ಅದು ಕೆಲಸಮಾಡುವುದು ಸ್ನಾಯುವಿನ ಮೇಲಲ್ಲ, ಮೆದುಳು ಮತ್ತು ಬೆನ್ನುಹುರಿಯ ಮೇಲೆ. ಮಂಪರು ಬರುವುದು ಅದರಿಂದಲೇ. ಅದನ್ನು ನುಂಗಿ ವಾಹನ ನಡೆಸಬಾರದು, ಏಣಿ ಹತ್ತಬಾರದು. ಮದ್ಯವನ್ನಾಗಲಿ ನಿದ್ರೆಯ ಮಾತ್ರೆಯನ್ನಾಗಲಿ ಜೊತೆಗೆ ಸೇರಿಸಬಾರದು. ವಿರಳವಾಗಿ ಯಕೃತ್ತಿಗೂ ಅಪಾಯವುಂಟು.

ಎಲ್ಲ ಬೆರಕೆಗಳೂ ಸಮರ್ಥನೀಯವಲ್ಲವೆಂದು ಸರ್ಕಾರಕ್ಕೂ ಮನವರಿಕೆಯಾಗಿದೆ. ಕೇಂದ್ರ ಸರ್ಕಾರ 2018ರ ಸೆಪ್ಟೆಂಬರಿನಲ್ಲಿ 328, 2024ರ ಆಗಸ್ಟಿನಲ್ಲಿ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಹಾಗೆಂದು ಉಳಿದವೆಲ್ಲವೂ ಎಲ್ಲರಿಗೂ ಸಲ್ಲುತ್ತವೆಂದಲ್ಲ. ವೈದ್ಯರು ನನ್ನ ವಯಸ್ಸು, ನನ್ನ ದೇಹಸ್ಥಿತಿ ನೋಡಿ ಬರೆದ ಚೀಟಿ ಅಕ್ಕನ ಚೀಟಿಯಾಗಲಾರದು. ನನಗೆ ಕೂಡ ಅದು ಆ ಐದು ದಿನಗಳ ಚೀಟಿ ಮಾತ್ರ.

ಶ್ರೋತೃಗಳೇ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ಕಣ್ಣು ಹಳದಿಯಾದರೆ, ಮುಖ ಊದಿ ಉಸಿರು ಕಟ್ಟಿದರೆ, ಮಾತ್ರೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಿ. ಸೊಂಟನೋವಿನ ಜೊತೆಗೆ ಕಾಲು ಮರಗಟ್ಟಿ ಬಲಗುಂದಿದರೆ, ಮೂತ್ರ ಕಟ್ಟಿದರೆ, ಆಗಲೂ ಅಷ್ಟೇ. ಆ ನೋವನ್ನು ಮಾತ್ರೆಯಿಂದ ಅಡಗಿಸಿ ದಿನ ದೂಡಬಾರದು.

ಅಕ್ಕ ಚೇತರಿಸಿಕೊಂಡಳು. ನನ್ನ ಮೇಲೆ ಒಂದು ಕಟುನುಡಿಯನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವಳಿಗೆ ಇಂಗ್ಲಿಷ್ ಬಾರದು. ಈಗ ಯಾವ ಮಾತ್ರೆ ಕೊಂಡರೂ ನುಂಗುವ ಮೊದಲು ನನಗೆ ಫೋನು ಮಾಡಿಸುತ್ತಾಳೆ. ಮೊಮ್ಮಗ ಪಟ್ಟಿಯ ಹಿಂಬದಿಯನ್ನು ಓದುತ್ತಾನೆ, ನಾನು ಬರೆದುಕೊಳ್ಳುತ್ತೇನೆ, ಸಂದೇಹ ಬಂದರೆ ಅವಳ ವೈದ್ಯರನ್ನು ಕೇಳುತ್ತೇನೆ. ‘ಸರಿಯಾಗಿ ಓದಿದೆಯೇನೋ ತಮ್ಮಾ?’ ಎಂದು ಅವಳು ಪ್ರತಿಸಲವೂ ಕೇಳುತ್ತಾಳೆ. ನಾನು ಇನ್ನೊಮ್ಮೆ ಓದುತ್ತೇನೆ.