ಒಂದು ಹಿಡಿ ಗೂಡು, ಇಡೀ ವಿಶ್ವ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರುತ್ತೀರಿ. ನಾನು ಆಕಾಶದ ವಿಷಯ ಹೇಳುತ್ತೇನೆ. ಶುರು ಮಾಡುವುದು ಮಾತ್ರ ರಾಮನಗರದ ಗೂಡಿನ ಮಾರುಕಟ್ಟೆಯಿಂದ.

ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ರೀಲರ್‌ಗಳು ಒಂದೊಂದು ಗೂಡನ್ನೂ ನೋಡುತ್ತಿರಲಿಲ್ಲ. ಒಂದು ಹಿಡಿ ತೆಗೆದು, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇಡೀ ಲಾಟಿಗೆ ಬೆಲೆ ಹೇಳುತ್ತಿದ್ದರು.

ವಿಶ್ವವನ್ನು ಅಳೆಯುವವರಿಗೂ ಅಂಥದೊಂದು ಹಿಡಿ ಬೇಕು. ನಮ್ಮ ಆಕಾಶಗಂಗೆ ಒಂದು ಗೆಲಾಕ್ಸಿ. ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅಂಥ ನೂರಾರು, ಸಾವಿರಾರು ಗೆಲಾಕ್ಸಿಗಳು ಗುರುತ್ವದಿಂದ ಒಟ್ಟಿಗಿದ್ದರೆ ಅದು ಗೆಲಾಕ್ಸಿ ಗುಚ್ಛ. ಅದೇ ಆ ಹಿಡಿ.

1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗುಚ್ಛದ ಗೆಲಾಕ್ಸಿಗಳ ವೇಗ ಲೆಕ್ಕ ಹಾಕಿದರು. ಕಣ್ಣಿಗೆ ಕಾಣುವ ತೂಕವಷ್ಟೇ ಇದ್ದಿದ್ದರೆ ಅವು ಎಂದೋ ಚದುರಿಹೋಗಬೇಕಿತ್ತು. ಕಾಣದ ಏನೋ ಹಿಡಿದಿಟ್ಟಿದೆ ಎಂದರು. ಅದೇ ಕಪ್ಪು ದ್ರವ್ಯ. ಮುಂದೆ ಎಕ್ಸ್-ರೇ ದೂರದರ್ಶಕಗಳು ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲವನ್ನು ಕಂಡವು. ಎಲ್ಲ ಕೂಡಿಸಿದರೆ, ಗುಚ್ಛದ ತೂಕದ ಆರು ಪಾಲಿನಲ್ಲಿ ಸುಮಾರು ಒಂದು ಪಾಲು ಮಾತ್ರ ನಾವು ನೀವು ಆಗಿರುವ ಸಾಮಾನ್ಯ ದ್ರವ್ಯ.

ಗುಚ್ಛ ಬಹಳ ದೊಡ್ಡದು. ಆದ್ದರಿಂದ ಅದರ ಅನುಪಾತವೇ ಹೆಚ್ಚುಕಡಿಮೆ ವಿಶ್ವದ ಅನುಪಾತ. ಸಾಮಾನ್ಯ ದ್ರವ್ಯ ವಿಶ್ವದಲ್ಲಿ ಶೇ. 5ರಷ್ಟು ಎಂಬುದು ಬೇರೆ ಅಳತೆಗಳಿಂದ ಗೊತ್ತು. ಐದಾರಲ ಮೂವತ್ತು. ಒಟ್ಟು ದ್ರವ್ಯ ಶೇ. 30, ಉಳಿದ 70, ವಿಶ್ವವನ್ನು ಹಿಗ್ಗಿಸುತ್ತಿರುವ ಕಪ್ಪು ಶಕ್ತಿ. 2024ರಲ್ಲಿ ಇರೋಸಿಟಾ ದೂರದರ್ಶಕದ ತಂಡ 5,259 ಗುಚ್ಛಗಳನ್ನು ಎಣಿಸಿ, ಬೇರೆಯದೇ ದಾರಿಯಲ್ಲಿ ಶೇ. 29 ಎಂದು ಕಂಡಿತು.

ಮಕ್ಕಳೇ, ಈ ಲೆಕ್ಕಕ್ಕೆ ಬೇಕಾದ ಅನುಪಾತವನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ, ಕನ್ನಡದಲ್ಲಿ. ಆದರೂ ಬಿ.ಇ. ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿದ್ದೆ. ಇಂಗ್ಲಿಷ್ ಬಾರದ್ದನ್ನೇ ಗಣಿತ ಬಾರದು ಅಂದುಕೊಂಡು, ಕಾಲೇಜು ಬಿಡುವುದೆಂದು ಊರಿಗೆ ಬಂದುಬಿಟ್ಟೆ. ಗಣಿತದ ಮೇಷ್ಟ್ರು ಜಗುಲಿಯಲ್ಲಿ ಕೂರಿಸಿ, "ಲೆಕ್ಕಕ್ಕೆ ಯಾವ ಭಾಷೆಯೋ?" ಎಂದರು. ಮಾರನೆಯ ದಿನ ವಾಪಸ್ ಹೋದೆ.

2017ರಲ್ಲಿ ಪುಣೆಯ ವಿಜ್ಞಾನಿಗಳು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಗುಚ್ಛಗಳದೇ ಒಂದು ಮಹಾಗುಚ್ಛ ಕಂಡು 'ಸರಸ್ವತಿ' ಎಂದು ಹೆಸರಿಟ್ಟರು. ಅವರು ಬಳಸಿದ ಸ್ಲೋನ್ ಸಮೀಕ್ಷೆಯ ಮಾಹಿತಿ ಎಲ್ಲರಿಗೂ ಉಚಿತ. ರಾತ್ರಿ ಕೆಲಸ ಮುಗಿದ ಮೇಲೆ ನಾನೂ ಅದನ್ನು ತೆರೆದು ಕೂರುತ್ತೇನೆ.

ನಾನು ಓದುವಾಗ ಈ ಮೈದಾನದಿಂದ ಆಕಾಶಗಂಗೆ ಕಾಣುತ್ತಿತ್ತು. ಈಗ ದೀಪಗಳ ಬೆಳಕಿನಲ್ಲಿ ಮಾಸಿದೆ. ಆ ದೀಪಗಳು ನಮಗೆ ಅನ್ನ ಕೊಟ್ಟಿವೆ, ದೂರುವುದಿಲ್ಲ. ಆದರೆ ಆಕಾಶ ತಮ್ಮದಲ್ಲ ಅಂತ ನಮ್ಮ ಮಕ್ಕಳು ಅಂದುಕೊಳ್ಳಬಾರದು. ಮುಖ್ಯೋಪಾಧ್ಯಾಯರು ಒಪ್ಪಿದರೆ, ತಿಂಗಳಿಗೊಂದು ಶನಿವಾರ ಲ್ಯಾಪ್‌ಟಾಪ್ ತಂದು ಮಕ್ಕಳ ಜೊತೆ ಕೂರುತ್ತೇನೆ. ದೂರದರ್ಶಕಕ್ಕೆ ಗೆಳೆಯರೂ ಕೈಜೋಡಿಸಿ.