ಎಪ್ಪತ್ತೋ, ಎಂಬತ್ತೋ?



ಸ್ವಾಗತ ಭಾಷಣದಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು ಅಂತ ಕಾಣುತ್ತದೆ. ಅರ್ಧ ಗೊತ್ತಾಗಿದ್ದು ಈ ಪರದೆಯ ಮೇಲಿನ ಅಕ್ಷರಗಳಿಂದ, ಇನ್ನರ್ಧ ನಿಮ್ಮ ಚಪ್ಪಾಳೆಯಿಂದ. ನಾನು ಹುಟ್ಟಿ ಬೆಳೆದದ್ದು ಇದೇ ಜಯನಗರ, ಮನೆ ಬನಶಂಕರಿಯಲ್ಲಿ. 30 ವರ್ಷ ಎಲೆಕ್ಟ್ರಾನಿಕ್ಸ್ ಬೋರ್ಡುಗಳನ್ನು ಪರೀಕ್ಷೆ ಮಾಡಿದೆ. ಎರಡೂ ಕಿವಿಗೆ ಮಿಷನ್ ಹಾಕಿಕೊಂಡೇ ಮಾಡಿದೆ.

ಅಧ್ಯಕ್ಷ ಭಾಷಣವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೋರ್ಡುಗಳನ್ನು ರಾತ್ರಿಯಿಡೀ ಬಿಸಿಯಲ್ಲಿಟ್ಟು ನೋಡುವ ಪರೀಕ್ಷೆ ಇತ್ತು. ಓವನ್ನಿನ ಫ್ಯಾನು ಗೊರಗೊರ ಅನ್ನುತ್ತಿತ್ತು. ಮೇಲಿನವರು ಬಾಗಿಲಲ್ಲೇ ನಿಂತು, ಎಷ್ಟು ಡಿಗ್ರಿಗೆ ಇಡಬೇಕೆಂದು ಹೇಳಿ ಹೋದರು. ನಾನು ತುಟಿ ನೋಡಿದೆ, ತಲೆ ಆಡಿಸಿದೆ, 80ಕ್ಕೆ ಇಟ್ಟೆ. ಅವರು ಹೇಳಿದ್ದು 70. ಕಮರ್ಷಿಯಲ್ ದರ್ಜೆಯ ಐಸಿಗಳಿಗೆ 70 ಡಿಗ್ರಿಯೇ ಮಿತಿ ಅಂತ ಇಲ್ಲಿರುವ ಎಂಜಿನಿಯರುಗಳಿಗೆ ನಾನು ಹೇಳಬೇಕಿಲ್ಲ. ಬೆಳಿಗ್ಗೆ ಇಡೀ ಬ್ಯಾಚನ್ನು ಪಕ್ಕಕ್ಕಿಟ್ಟರು.

ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಎರಡನ್ನೂ ಹೇಳಿ ನೋಡಿದೆ. ನೀವೂ ಪಕ್ಕದವರಿಗೆ ದನಿ ಹೊರಡಿಸದೆ ಹೇಳಿ ನೋಡಿ: ಎಪ್ಪತ್ತು, ಎಂಬತ್ತು. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ರೀತಿ. ತುಟಿ ಓದುವವನಿಗೆ ಮಳೆಯೂ ಒಂದೇ, ಬಳೆಯೂ ಒಂದೇ. ಇಂಗ್ಲಿಷಿನಲ್ಲಿ ಕಿವಿ ಮಂದ ಇರುವವರನ್ನು ಕಾಡುವುದು ಫಿಫ್ಟೀನ್, ಫಿಫ್ಟಿ. ನಮ್ಮ ಹದಿನೈದಕ್ಕೂ ಐವತ್ತಕ್ಕೂ ಆ ಜಗಳವಿಲ್ಲ, ಅಷ್ಟರಮಟ್ಟಿಗೆ ಕನ್ನಡ ಉಪಕಾರಿ. ಬಿಟಿಎಂ ಲೇಔಟಿನ ಆಫೀಸುಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಒಂದೇ ಮಾತು ತೆಲುಗಿನಲ್ಲಿ ಶುರುವಾಗಿ, ಹಿಂದಿಯಲ್ಲಿ ತಿರುಗಿ, ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಏನು ಹೇಳಿದರು ಅನ್ನುವುದು ಆಮೇಲೆ, ಯಾವ ಭಾಷೆ ಅನ್ನುವುದನ್ನೇ ಮೊದಲು ಊಹಿಸಬೇಕು.

ಅಂದಿನಿಂದ ಅಂಕಿ ಇರುವ ಯಾವ ಮಾತನ್ನೂ ಬರೆಸಿಕೊಳ್ಳದೆ ಬಿಟ್ಟಿಲ್ಲ. ಮೊದಮೊದಲು ಸಹೋದ್ಯೋಗಿಗಳಿಗೆ ಕಿರಿಕಿರಿಯಾಯಿತು. ಆಮೇಲೆ ಏನಾಯಿತೆಂದರೆ, ಯಾವ ಮೀಟಿಂಗಿನಲ್ಲಿ ಏನು ತೀರ್ಮಾನವಾಯಿತು ಅಂತ ಚೆನ್ನಾಗಿ ಕಿವಿ ಕೇಳುವವರೇ ನನ್ನ ಮೇಜಿಗೆ ಬರತೊಡಗಿದರು. ಇಂಟರ್ನೆಟ್ಟಿನ ಬುನಾದಿಯಾದ ಟಿಸಿಪಿ/ಐಪಿ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ವಿಂಟ್ ಸರ್ಫ್ ಹದಿಹರೆಯದಿಂದ ಶ್ರವಣ ಸಾಧನ ಹಾಕಿಕೊಂಡವರು. ಇ-ಮೇಲ್ ತಮಗೆ ಅಷ್ಟು ಬೇಗ ಒಗ್ಗಲು ತಮ್ಮ ಕಿವಿಯೂ ಒಂದು ಕಾರಣ ಅಂತ ಅವರೇ ಹೇಳಿಕೊಂಡಿದ್ದಾರೆ. ನಾನು ಸರ್ಫ್ ಅಲ್ಲ, ನನ್ನದು ರೂಲ್ಡ್ ನೋಟ್‌ಬುಕ್ಕು.

ಕಿವಿ ಮಿಷನ್ ಹಾಕಿಕೊಂಡರೆ ಎಲ್ಲ ಸರಿಹೋಯಿತು ಅಂದುಕೊಳ್ಳುವವರೇ ಹೆಚ್ಚು. ಇದೋ ನೋಡಿ, ನನ್ನ ಜೇಬಿನಲ್ಲಿ ಸದಾ ಇರುವ ಸೆಲ್, 13ನೇ ನಂಬರಿನದು. ಈ ಕಿತ್ತಳೆ ಬಣ್ಣದ ಸ್ಟಿಕ್ಕರ್ ಕಿತ್ತರೆ ಒಳಗೆ ಗಾಳಿ ಹೋಗುತ್ತದೆ, ಸತು ಕೆಲಸ ಶುರುಮಾಡುತ್ತದೆ. ಒಂದು ನಿಮಿಷ ಕಾದು ಹಾಕಿಕೊಂಡರೆ ಒಳ್ಳೆಯದು. ಆ ಒಂದು ನಿಮಿಷದಲ್ಲೇ ನನ್ನ ಪ್ರಮೋಷನ್ನಿನ ಇಂಟರ್ವ್ಯೂನ ಮೊದಲ ಪ್ರಶ್ನೆ ಮುಗಿದುಹೋಗಿತ್ತು. ಇನ್ನು ಮಿಷನ್ ಸದ್ದನ್ನು ದೊಡ್ಡದು ಮಾಡೀತು, ಸ್ಪಷ್ಟ ಮಾಡಬೇಕೆಂದಿಲ್ಲ. ನನ್ನಂಥವರಿಗೆ ಸ್ವರ ಕೇಳುತ್ತದೆ, ಸಕಾರ ತಕಾರಗಳು ತಪ್ಪಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ತುಟಿಯೂ ಹೋಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು ಅನ್ನುತ್ತದೆ, 60ರಿಂದ 70 ಇದ್ದರೆ ಮಂದ ಶ್ರವಣ. ಸರ್ಕಾರಿ ಹುದ್ದೆಯಲ್ಲಿ ನಮ್ಮ ಪಾಲು ಶೇ. 1. 58 ಇದ್ದವನು ಎಲ್ಲಿಗೆ ಹೋಗಬೇಕು? ಅವನು ಕಾಯ್ದೆಗೆ ಕಿವುಡನಲ್ಲ, ಫೋನಿನಲ್ಲಿ ಮೊದಲ ಸುತ್ತಿನ ಇಂಟರ್ವ್ಯೂ ಮಾಡುವ ಕಂಪನಿಗೆ ಕೆಲಸಕ್ಕೆ ಬಾರದವನು. ಸೋಲ್ಡರಿಂಗ್, ಸರ್ಕ್ಯೂಟ್, ಕೋಡ್ ಯಾವುದರಲ್ಲೂ ಹಿಂದೆ ಬೀಳದ ಹುಡುಗರು ಆ ಹತ್ತು ನಿಮಿಷದ ಕರೆಯಲ್ಲಿ ಬಿದ್ದುಹೋಗುವುದನ್ನು ನೋಡಿದ್ದೇನೆ. ಹಾಗೂ ಹೀಗೂ ಒಳಗೆ ಬಂದವರು ಚಹಾ ಅಂಗಡಿಯಲ್ಲಿ ಸೋಲುತ್ತಾರೆ. ಮುಂದಿನ ಪ್ರಾಜೆಕ್ಟು ಯಾರಿಗೆ ಅನ್ನುವುದು ನಿಶ್ಚಯವಾಗುವುದು ಅಲ್ಲೇ ತಾನೆ, ಟ್ರಾಫಿಕ್ಕಿನ ಗದ್ದಲದ ನಡುವೆ?

ನಮ್ಮ ಬೆಂಗಳೂರಿನ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸಂಜ್ಞಾ ಭಾಷೆಯ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. ಅಲ್ಲಿ ಆಗುವುದಾದರೆ ಜೆ.ಪಿ. ನಗರದ ಒಂದು ಡಿಸೈನ್ ರಿವ್ಯೂನಲ್ಲಿ ಏಕೆ ಆಗದು? 2019ರಿಂದ ಮಾತನ್ನು ಅಕ್ಷರ ಮಾಡುವ ಆ್ಯಪ್ ಫೋನಿನಲ್ಲೇ ಬಂದಿದೆ, ಕನ್ನಡಕ್ಕೂ ಇದೆ. ಕೆಲವೊಮ್ಮೆ ಹಾಸ್ಯಾಸ್ಪದವಾಗಿ ತಪ್ಪುತ್ತದೆ, ಆದರೂ ಇಬ್ಬರು ಒಟ್ಟಿಗೆ ಮಾತಾಡದಿದ್ದರೆ ಸಾಕಷ್ಟು ಹಿಡಿಯುತ್ತದೆ.

ಆದ್ದರಿಂದ ಈ ಮಧ್ಯಾಹ್ನದ ಠರಾವುಗಳಲ್ಲಿ ಒಂದನ್ನು ನಾನೇ ಮಂಡಿಸುತ್ತೇನೆ: ಇಂಟರ್ವ್ಯೂ ಪತ್ರದಲ್ಲಿ ಫೋನೋ, ಬರಹವೋ, ಎದುರಾಬದುರೋ ಅಂತ ಕೇಳುವ ಒಂದು ಸಾಲು ಇರಬೇಕು. ಉಳಿದ ಠರಾವುಗಳನ್ನು ಕಾರ್ಯದರ್ಶಿಗಳು ಓದುತ್ತಾರೆ, ದಯವಿಟ್ಟು ಅವರ ಮುಖಕ್ಕೆ ಬೆಳಕು ಬೀಳುವ ಹಾಗೆ ನಿಲ್ಲಿಸಿ.

ಊಟದ ಪಂಕ್ತಿಯಲ್ಲಿ ನನ್ನ ಜೊತೆ ಮಾತಾಡಬೇಕೆನ್ನುವವರು ಬಲಗಡೆ ಕೂರಿ. ಎಡಗಡೆ ಕೂತವರಿಗೆ ನನ್ನಿಂದ ಹೋಳಿಗೆ ಸಿಗಬಹುದು, ಉತ್ತರ ಸಿಗುವುದಿಲ್ಲ.